ಅರ್ಧ ಎಳೆದ ಶಟರ್

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರ್. ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದರೆ ಮಧ್ಯಾಹ್ನ ಸಮುದ್ರದ ಊರು ಬಿಟ್ಟು, ದೀಪ ಹಚ್ಚುವ ಹೊತ್ತಿಗೆ ನದಿಯ ಊರು ಸೇರಬಹುದು. ನಾನು ಹೈದರಾಬಾದಿನಲ್ಲಿ ನೆಲೆಸಿ ವರ್ಷಗಳಾದವು. ಕೆಲಸದ ಮೇಲೆ ಈ ಎರಡು ಊರುಗಳಿಗೆ ಹೋಗಿ ಬರುವುದು ಅಭ್ಯಾಸವಾಗಿಬಿಟ್ಟಿದೆ. ನನ್ನದು ವಿಮಾ ಸರ್ವೇಯರ್ ಕೆಲಸ. ಊರಿಗೆ ಹೋದಾಗ ನಮ್ಮ ಕಡೆಯವರು ಇದನ್ನು ಭೂಮಾಪನ ಇಲಾಖೆಯ ಕೆಲಸ ಅಂದುಕೊಂಡು "ಜಮೀನಿಂದು ಒಂಚೂರು ಪೋಡಿ ಮಾಡಿಸಿಕೊಡಿ" ಅನ್ನುವುದುಂಟು. ನಾನು ಅಳೆಯುವುದು ಜಮೀನನ್ನಲ್ಲ, ನಷ್ಟವನ್ನು. ಸುಟ್ಟ ಗೋದಾಮು, ನೀರು ನುಗ್ಗಿದ ಅಂಗಡಿ, ಹಾರಿಹೋದ ಶೀಟು.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಅಲ್ಲಾಡಿಸಿದಾಗ, 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ಅರ್ಧ ವಿಜಯವಾಡ ನೀರಿನಲ್ಲಿ ನಿಂತಾಗ, ನಮ್ಮಂಥವರಿಗೆ ಕೈತುಂಬ ಕೆಲಸ. ಗಾಳಿ, ನೀರು ಮಾಡಿದ ಹಾನಿಯ ಲೆಕ್ಕ ಎಷ್ಟು ದೊಡ್ಡದಾದರೂ ನೇರವಾದದ್ದು. ಯಾರು ಮಾಡಿದರು ಎಂದು ಕೇಳುವ ಹಾಗಿಲ್ಲ. ಮನುಷ್ಯರು ಗುಂಪುಗೂಡಿ ಮಾಡಿದ ಹಾನಿಯ ಲೆಕ್ಕ ಹಾಗಲ್ಲ. ಅಲ್ಲಿ ನನ್ನ ವರದಿಗಿಂತ ಮೊದಲು ಇನ್ನೊಂದು ಕಾಗದ ಬೇಕು. ಅದನ್ನು ಬರೆಯುವವರು ಪೊಲೀಸರು. ಆ ಕಾಗದದಲ್ಲಿ ಏನಿರುತ್ತದೆ, ಏನಿರುವುದಿಲ್ಲ ಅನ್ನುವುದರ ಮೇಲೆ ಒಬ್ಬ ಅಂಗಡಿಯವನ ಮುಂದಿನ ಐದು ವರ್ಷ ನಿಂತಿರುತ್ತದೆ.

ವಿಶಾಖಪಟ್ಟಣಕ್ಕೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಕೈಲಾಸಗಿರಿ, ಆರ್‌ಕೆ ಬೀಚ್, ಸಿಂಹಾಚಲ, ರಜೆ ಹೆಚ್ಚಿದ್ದರೆ ಅರಕು ನೋಡಿ ಬರುತ್ತಾರೆ. ಸಿಂಹಾಚಲದಲ್ಲಿ ಕೃಷ್ಣದೇವರಾಯನ ಶಾಸನ ಇದೆಯೆಂದು ಗೊತ್ತಿದ್ದವರು ಅದನ್ನೂ ಹುಡುಕುತ್ತಾರೆ. ನಾನು ಹೇಳುವ ವಿಶಾಖಪಟ್ಟಣ ಜಗದಾಂಬಾ ಜಂಕ್ಷನ್ನಿನಿಂದ ಶುರುವಾಗಿ, ಡಾಬಾ ಗಾರ್ಡನ್ಸ್ ದಾಟಿ, ಪೂರ್ಣಾ ಮಾರ್ಕೆಟ್ಟಿನ ಓಣಿಗಳಲ್ಲಿ ಹೊಕ್ಕು, ಅತ್ತ ಗಾಜುವಾಕ, ಕೂರ್ಮನ್ನಪಾಲೆಂವರೆಗೆ ಹೋಗುತ್ತದೆ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಮೊಬೈಲ್ ರಿಪೇರಿ, ಟಿಫಿನ್ ಸೆಂಟರ್, ನೈಟಿ ಹೊಲಿಯುವವರು. ಈ ಊರಿನ ಚರಿತ್ರೆ ಬಂದರಿನಲ್ಲಿ, ನೌಕಾಪಡೆಯಲ್ಲಿ ಇದೆ ಅನ್ನುತ್ತಾರೆ. ಬಂದ್ ದಿನ ಅರ್ಧ ಎಳೆದ ಶಟರುಗಳಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಅರ್ಧ ಎಳೆದ ಶಟರ್ ಅಂದರೆ ಬೆಂಗಳೂರಿನವರಿಗೂ ವಿವರಿಸಬೇಕಿಲ್ಲ. ಸೊಂಟದವರೆಗೆ ಇಳಿಸಿದ ಶಟರ್, ಹೊರಗೆ ಸ್ಟೂಲ್ ಹಾಕಿ ಕುಳಿತ ಹುಡುಗ. ಗಿರಾಕಿ ಬಂದರೆ ಬಗ್ಗಿ ಒಳಗೆ. ಗುಂಪು ಬಂದರೆ ಹುಡುಗ ಒಳಗೆ, ಶಟರ್ ಪೂರ್ತಿ ಕೆಳಗೆ. ಬಂದ್ ಎನ್ನುವುದು ಜನರ ಹಕ್ಕಿನ ಮೇಲೆ ಹೇರಿದ ಬಲವಂತ, ಅದಕ್ಕೆ ಕರೆ ಕೊಡುವುದೇ ಕಾನೂನುಬಾಹಿರ ಎಂದು 1997ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅಂದಿನಿಂದ ಬಂದ್ ನಿಂತಿಲ್ಲ, "ಸ್ವಯಂಪ್ರೇರಿತ" ಆಗಿದೆ. ಶಟರಿನ ಹೊರಗೆ ಕುಳಿತ ಆ ಹುಡುಗನನ್ನು ಕೇಳಿದರೆ ಎಷ್ಟು ಸ್ವಯಂ, ಎಷ್ಟು ಪ್ರೇರಿತ ಎಂದು ಹೇಳುತ್ತಾನೆ.

ಈ ಊರಿನ ಅತಿ ದೊಡ್ಡ ಹೋರಾಟದ ಘೋಷಣೆ ನಮಗೆ ಅನುವಾದವಿಲ್ಲದೆ ಅರ್ಥವಾಗುವಂಥದ್ದು: ವಿಶಾಖ ಉಕ್ಕು, ಆಂಧ್ರುಲ ಹಕ್ಕು. ಉಕ್ಕೂ ನಮ್ಮದೇ ಪದ, ಹಕ್ಕೂ ನಮ್ಮದೇ. 1966ರಲ್ಲಿ ಐದನೆಯ ಉಕ್ಕು ಕಾರ್ಖಾನೆ ವಿಶಾಖಪಟ್ಟಣಕ್ಕೆ ಬರುವುದಿಲ್ಲ ಎಂಬ ಸುದ್ದಿ ಹಬ್ಬಿ, ಅಕ್ಟೋಬರ್ 15ರಂದು ಟಿ. ಅಮೃತರಾವ್ ಉಪವಾಸ ಕುಳಿತರು. ವಿದ್ಯಾರ್ಥಿಗಳು ಬೀದಿಗಿಳಿದರು. ನವೆಂಬರ್ 1, ಅಂದರೆ ಆಂಧ್ರಪ್ರದೇಶ ರಾಜ್ಯಕ್ಕೆ ಹತ್ತು ತುಂಬಿದ ದಿನ (ನಮ್ಮ ರಾಜ್ಯೋತ್ಸವದ ದಿನವೂ ಹೌದು), ವಿಶಾಖಪಟ್ಟಣದಲ್ಲಿ ಗುಂಡು ಹಾರಿತು. ರಾಜ್ಯದಾದ್ಯಂತ ಆ ಚಳವಳಿಯಲ್ಲಿ ಸತ್ತವರು 32 ಮಂದಿ ಎಂದು ಇಲ್ಲಿಯ ಜನ ಇವತ್ತಿಗೂ ಲೆಕ್ಕ ಒಪ್ಪಿಸುತ್ತಾರೆ. 1970ರ ಏಪ್ರಿಲ್ 17ರಂದು ಇಂದಿರಾ ಗಾಂಧಿ ಸಂಸತ್ತಿನಲ್ಲಿ ಕಾರ್ಖಾನೆಯನ್ನು ಘೋಷಿಸಿದರು. ಕಾರ್ಖಾನೆ ದೇಶಕ್ಕೆ ಸಮರ್ಪಣೆಯಾಗುವ ಹೊತ್ತಿಗೆ 1992 ಆಗಿತ್ತು, ಪ್ರಧಾನಿಯಾಗಿದ್ದವರು ತೆಲುಗಿನವರೇ ಆದ ಪಿ.ವಿ. ನರಸಿಂಹರಾವ್.

ಕನ್ನಡಿಗರಿಗೆ ಇಲ್ಲಿ ಒಂದು ಸಣ್ಣ ಹೊಟ್ಟೆಯುರಿ ಇರಬೇಕು. ಅದೇ ಘೋಷಣೆಯಲ್ಲಿ ಮೂರು ಊರುಗಳಿದ್ದವು: ವಿಶಾಖಪಟ್ಟಣ, ಸೇಲಂ, ನಮ್ಮ ಹೊಸಪೇಟೆ. ತೋರಣಗಲ್ಲಿನಲ್ಲಿ 1971ರಲ್ಲಿ ಶಂಕುಸ್ಥಾಪನೆಯೂ ಆಯಿತು. ಸರ್ಕಾರಿ ವಿಜಯನಗರ ಉಕ್ಕು ಮಾತ್ರ ಮೇಲೇಳಲಿಲ್ಲ. ಆ ಬಯಲಿನಲ್ಲಿ ಉಕ್ಕು ಕರಗಿದ್ದು 90ರ ದಶಕದಲ್ಲಿ, ಖಾಸಗಿಯವರ ಕುಲುಮೆಯಲ್ಲಿ. ಇವರು ಪ್ರಾಣ ಕೊಟ್ಟು ಪಡೆದರು, ನಾವು ಕಲ್ಲು ನೆಟ್ಟು ಮರೆತೆವು ಎಂದು ಗಾಜುವಾಕದ ಟೀ ಅಂಗಡಿಯಲ್ಲಿ ಒಮ್ಮೆ ಹೇಳಿದೆ. "ಪಡೆದವರು ಯಾರು ಸಾರ್, ಭೂಮಿ ಕೊಟ್ಟವರ ಮಕ್ಕಳು ಇನ್ನೂ ಕೆಲಸ ಕೇಳುತ್ತಿದ್ದಾರೆ" ಅಂದ ಅಂಗಡಿಯವನು. ಕಾರ್ಖಾನೆಗಾಗಿ 64 ಹಳ್ಳಿಗಳ ಭೂಮಿ ಹೋಗಿತ್ತು. ಅವನ ತಂದೆಯದೂ ಅದರಲ್ಲಿತ್ತು.

2021ರ ಜನವರಿ ಕೊನೆಯಲ್ಲಿ ಕೇಂದ್ರ ಸಂಪುಟ ಸಮಿತಿ ಈ ಕಾರ್ಖಾನೆಯ ಪೂರ್ತಿ ಪಾಲನ್ನು ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಫೆಬ್ರವರಿಯಲ್ಲಿ ಕೂರ್ಮನ್ನಪಾಲೆಂ ಜಂಕ್ಷನ್ನಿನಲ್ಲಿ ಕಾರ್ಮಿಕರ ಪೆಂಡಾಲ್ ಎದ್ದಿತು. ಸರದಿ ಉಪವಾಸ ವರ್ಷಗಟ್ಟಲೆ ನಡೆಯಿತು. ಮಾರ್ಚ್ 5ಕ್ಕೆ ರಾಜ್ಯವೇ ಬಂದ್ ಆಯಿತು. ಆ ರಸ್ತೆಯ ಅಂಗಡಿಗಳ ಸ್ಥಿತಿ ವಿಚಿತ್ರ. ಕಾರ್ಖಾನೆ ಉಳಿದರೇನೇ ಅವರ ವ್ಯಾಪಾರ ಉಳಿಯುವುದು, ಹಾಗಾಗಿ ಅವರು ಚಳವಳಿಯ ಪರ. ಆದರೆ ಪ್ರತಿ ರಸ್ತೆತಡೆಗೂ ಒಂದು ದಿನದ ಗಲ್ಲಾ ಖಾಲಿ. ಸಂಬಳ ತಡವಾದ ತಿಂಗಳು ಕಾರ್ಮಿಕರ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಅಂಗಡಿಯವನ ಸಾಲವೂ ಬೆಳೆಯುತ್ತದೆ. 2025ರ ಜನವರಿಯಲ್ಲಿ ಕೇಂದ್ರ 11,440 ಕೋಟಿ ರೂಪಾಯಿಯ ಪುನಶ್ಚೇತನ ಪ್ಯಾಕೇಜ್ ಒಪ್ಪಿತು. ಆ ಟೀ ಅಂಗಡಿಯವನ ಉದ್ರಿ ಪುಸ್ತಕಕ್ಕೆ ಪ್ಯಾಕೇಜ್ ಇಲ್ಲ. ಆದರೂ ಪೆಂಡಾಲಿಗೆ ಟೀ ಕೊಟ್ಟದ್ದರ ಲೆಕ್ಕ ಅವನು ಇಟ್ಟಿಲ್ಲ. ನಾನು ಕೇಳಿದ್ದಕ್ಕೆ ಅವನಿಗೆ ಸ್ವಲ್ಪ ಬೇಸರವೇ ಆಯಿತು.

ನನ್ನ ಕಸುಬಿನ ಮಾತು ಇಲ್ಲಿ ಸ್ವಲ್ಪ ಹೇಳಬೇಕು. ಮಹಾನಗರಗಳಲ್ಲಿ ಅಂಗಡಿ ಇಟ್ಟುಕೊಂಡ ಕನ್ನಡಿಗರು ಈ ಪತ್ರಿಕೆ ಓದುತ್ತಾರೆ, ಅವರಿಗೆ ಉಪಯೋಗಕ್ಕೆ ಬಂದರೂ ಬರಬಹುದು. ಅಂಗಡಿಗೆ ಬೆಂಕಿ ವಿಮೆ ಮಾಡಿಸಿದರೆ ಅದರಲ್ಲಿ ಸಾಮಾನ್ಯವಾಗಿ ಗಲಭೆ, ಮುಷ್ಕರ, ದುರುದ್ದೇಶದ ಹಾನಿ ಎಂಬ ಸಾಲು ಇರುತ್ತದೆ. ಕಲ್ಲು ಬಿದ್ದು ಗಾಜು ಒಡೆದರೆ, ಸರಕು ಸುಟ್ಟರೆ ಅದರಡಿ ಬರುತ್ತದೆ. ಅಂಗಡಿ ಮುಚ್ಚಿದ್ದರಿಂದ ಹೋದ ವ್ಯಾಪಾರ ಬರುವುದಿಲ್ಲ. ಕರ್ಫ್ಯೂ ಹಾಕಿದರು, ಬ್ಯಾರಿಕೇಡ್ ಇಟ್ಟರು, ಹೂವು ಬಾಡಿತು, ಹಾಲು ಒಡೆಯಿತು ಅಂದರೆ ವಿಮಾ ಪತ್ರ ಮೌನ. ಇದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮ. ಗಲಭೆಯ ಗುಂಪು ಬಾಗಿಲು ಮುರಿದು ಸರಕು ಹೊತ್ತುಕೊಂಡು ಹೋದರೆ ಅದನ್ನು ಗಲಭೆಯ ನಷ್ಟವೆಂದು ಕೇಳಲು ದಾರಿಯಿದೆ. ಅದೇ ಸರಕನ್ನು "ಯಾರೋ ಕಿಡಿಗೇಡಿಗಳು" ಕದ್ದರು ಎಂದಾದರೆ ಅದು ಕಳವು. ಕಳವಿಗೆ ಬೇರೆ ಪಾಲಿಸಿ ಬೇಕು, ಸಣ್ಣ ಅಂಗಡಿಯವರು ಅದನ್ನು ಮಾಡಿಸಿರುವುದು ಅಪರೂಪ.

ಗಲಭೆಯೋ ಕಳವೋ ಎಂದು ಮೊದಲು ಬರೆಯುವ ಕೈ ಠಾಣೆಯದು. ಐದು ಜನಕ್ಕಿಂತ ಕಡಿಮೆ ಇಲ್ಲದ ಅಕ್ರಮ ಕೂಟ ಬಲಪ್ರಯೋಗ ಮಾಡಿದರೆ ಕಾನೂನಿನಲ್ಲಿ ಅದು ದೊಂಬಿ. ದೊಂಬಿ ಎಂದು ಬರೆದರೆ ಮೇಲಿನವರು ಕೇಳುತ್ತಾರೆ: ಆಗ ನೀವೆಲ್ಲಿದ್ದಿರಿ? ಕಿಡಿಗೇಡಿಗಳು ಎಂದು ಬರೆದರೆ ಯಾರೂ ಕೇಳುವುದಿಲ್ಲ. ಹೀಗೆ ಒಬ್ಬ ಅಧಿಕಾರಿ ತನ್ನ ತಲೆ ಉಳಿಸಿಕೊಳ್ಳಲು ಬರೆದ ಒಂದು ಪದ, ಮೊಬೈಲ್ ಅಂಗಡಿಯವನ ಎಂಟು ಲಕ್ಷದ ಸರಕನ್ನು ನನ್ನ ವರದಿಯಿಂದ ಹೊರಗೆ ತಳ್ಳುವುದನ್ನು ನಾನು ನೋಡಿದ್ದೇನೆ. ಅಧಿಕಾರಿ ಕೆಟ್ಟವನೇನಲ್ಲ, ಅಂಗಡಿಯವನಿಗೆ ನೀರು ಕೊಟ್ಟು ಕೂರಿಸಿ ಸಮಾಧಾನ ಹೇಳಿದ್ದ. ಗುರುತಿಸಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಬರೆಯಲೇಬೇಕು ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರೆಯುತ್ತಾರೆ. ಯಾವ ಪದ ಬರೆಯುತ್ತಾರೆ ಅನ್ನುವುದೇ ಪ್ರಶ್ನೆ.

ಪೊಲೀಸರ ಹೊಣೆಗಾರಿಕೆ ಅಂದಾಗ ವಿಶಾಖಪಟ್ಟಣದವರಿಗೆ ಮೊದಲು ನೆನಪಾಗುವುದು 2020ರ ಮೇ ತಿಂಗಳು. ನರ್ಸೀಪಟ್ಟಣದ ಸರ್ಕಾರಿ ಆಸ್ಪತ್ರೆಯ ಅರಿವಳಿಕೆ ತಜ್ಞ ಡಾ. ಸುಧಾಕರ್ ಕೋವಿಡ್ ಶುರುವಿನಲ್ಲಿ ಮಾಸ್ಕ್ ಸಾಕಾಗುತ್ತಿಲ್ಲ ಎಂದು ಹೇಳಿ ಅಮಾನತಾದರು. ಮೇ 16ರಂದು ನಗರದ ಹೆದ್ದಾರಿಯಲ್ಲಿ ಅವರ ಕೈಗಳನ್ನು ಹಿಂದಕ್ಕೆ ಕಟ್ಟಿ ಪೊಲೀಸರು ಎಳೆದಾಡಿದ ವಿಡಿಯೋವನ್ನು ದೇಶವೇ ನೋಡಿತು. ಹೈಕೋರ್ಟ್ ಒಂದು ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿ, ವಾರದೊಳಗೆ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಪತ್ರ ಬರೆದವರು ಆಗ ವಿರೋಧ ಪಕ್ಷದಲ್ಲಿದ್ದ ವಂಗಲಪೂಡಿ ಅನಿತಾ. 2024ರಲ್ಲಿ ಅವರೇ ಆಂಧ್ರದ ಗೃಹ ಸಚಿವೆಯಾದರು. ಡಾ. ಸುಧಾಕರ್ ಅದನ್ನು ನೋಡಲಿಲ್ಲ, 2021ರ ಮೇ ತಿಂಗಳಲ್ಲೇ ತೀರಿಕೊಂಡರು. ಒಬ್ಬ ವೈದ್ಯನಿಗಾಗಿ ಹೈಕೋರ್ಟಿನ ಬಾಗಿಲು ತೆರೆಯಿತು, ಸಂತೋಷ. ವಿಡಿಯೋ ಇಲ್ಲದ ತಳ್ಳುಗಾಡಿಯವನ ಬೆನ್ನ ಮೇಲಿನ ಲಾಠಿ ಬರೆಗೆ ಯಾವ ಬಾಗಿಲು ಎಂದು ನನಗೆ ಅನ್ನಿಸುತ್ತಿರುತ್ತದೆ.

ಆರ್‌ಕೆ ಬೀಚಿನ ಮುರಿ ಮಿಕ್ಸ್ಚರ್ ಮಾರುವವರ ಜೊತೆ ಮಾತಾಡಿ ನೋಡಿ. ನಮ್ಮ ಚುರುಮುರಿಯ ಅಣ್ಣನಂಥ ತಿಂಡಿ ಅದು, ನಿಂಬೆಹುಳಿ ಸ್ವಲ್ಪ ಜಾಸ್ತಿ. 2017ರ ಜನವರಿ 26ರಂದು, ಮದ್ರಾಸಿನ ಜಲ್ಲಿಕಟ್ಟು ಚಳವಳಿ ನೋಡಿ ಉತ್ಸಾಹಗೊಂಡ ಯುವಕರು ವಿಶೇಷ ಸ್ಥಾನಮಾನ ಕೇಳಲು ಈ ಬೀಚಿನಲ್ಲಿ ಸೇರಬೇಕೆಂದಿದ್ದರು. ಪೊಲೀಸರು ಅನುಮತಿ ಕೊಡಲಿಲ್ಲ, ತೀರವನ್ನೇ ಮುಚ್ಚಿದರು. ವಿರೋಧ ಪಕ್ಷದ ನಾಯಕರಾಗಿದ್ದ ಜಗನ್ ಅವರನ್ನು ವಿಮಾನ ನಿಲ್ದಾಣದಲ್ಲೇ ತಡೆದರು. 2022ರ ಅಕ್ಟೋಬರ್‌ನಲ್ಲಿ ಮೂರು ರಾಜಧಾನಿಗಳ ಪರ "ವಿಶಾಖ ಗರ್ಜನ" ನಡೆದಾಗ ಅಧಿಕಾರದಲ್ಲಿದ್ದವರು ಜಗನ್. ಆಗ ತಡೆಸಿಕೊಂಡವರು ಪವನ್ ಕಲ್ಯಾಣ್. ತಡೆಯುವವರೂ ತಡೆಸಿಕೊಳ್ಳುವವರೂ ಜಾಗ ಬದಲಿಸುತ್ತಾರೆ. ಅನುಮತಿ ಕೊಡದ ಕಾಗದದ ಭಾಷೆ ಅದೇ, ಬ್ಯಾರಿಕೇಡೂ ಅದೇ. ಗಣರಾಜ್ಯೋತ್ಸವದ ರಜೆ ಮುರಿ ಮಿಕ್ಸ್ಚರ್‌ನವನಿಗೆ ವರ್ಷದ ನಾಲ್ಕೈದು ಒಳ್ಳೆಯ ದಿನಗಳಲ್ಲಿ ಒಂದು.

ರತ್ನಾಚಲ್ ದುವ್ವಾಡ ದಾಟಿ ಅನಕಾಪಲ್ಲಿಗೆ ಬಂದರೆ ಬೆಲ್ಲದ ಮಂಡಿಗಳ ಊರು, ಮಂಡ್ಯದವರಿಗೆ ಮನೆ ನೆನಪಾಗಬಹುದು. ಅಲ್ಲಿಂದ ಮುಂದೆ ತುನಿ. ನೋಡಲು ಸಾಧಾರಣ ಊರು, ಆದರೆ ನಾವು ಕುಳಿತ ಈ ರೈಲಿನ ಮಟ್ಟಿಗೆ ಸಾಧಾರಣ ಅಲ್ಲ. 2016ರ ಜನವರಿ 31ರಂದು ಕಾಪು ಸಮುದಾಯಕ್ಕೆ ಮೀಸಲಾತಿ ಕೇಳಿ ಮುದ್ರಗಡ ಪದ್ಮನಾಭಂ ಕರೆದ ದೊಡ್ಡ ಸಭೆ ತುನಿಯ ಬಳಿ ನಡೆಯಿತು. ಸಭೆ ಮುಗಿಯುವ ಮೊದಲೇ ಜನ ಹೆದ್ದಾರಿಗೂ ರೈಲು ಹಳಿಗೂ ನುಗ್ಗಿದರು. ಇದೇ ರತ್ನಾಚಲ್ ಎಕ್ಸ್‌ಪ್ರೆಸ್ ಅನ್ನು ನಿಲ್ಲಿಸಿ ಬೆಂಕಿ ಹಚ್ಚಿದರು. ಪ್ರಯಾಣಿಕರು ಇಳಿದು ಜೀವ ಉಳಿಸಿಕೊಂಡರು. ಪೊಲೀಸ್ ಠಾಣೆಗೂ ಬೆಂಕಿ ಬಿತ್ತು.

ಏಳು ವರ್ಷದ ನಂತರ, 2023ರ ಮೇ ತಿಂಗಳಲ್ಲಿ, ವಿಜಯವಾಡದ ರೈಲ್ವೆ ನ್ಯಾಯಾಲಯ ಮುದ್ರಗಡ ಸೇರಿ 41 ಆರೋಪಿಗಳನ್ನೂ ಬಿಟ್ಟಿತು. ತನಿಖೆ ನಡೆಸಿದ ರೀತಿಯನ್ನೂ ಕಟುವಾಗಿ ಟೀಕಿಸಿತು. ಆರೋಪಿಗಳು ಮಾಡಿದ್ದಾರೋ ಇಲ್ಲವೋ ಎನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ನೂರಾರು ಪ್ರಯಾಣಿಕರಿದ್ದ ರೈಲೊಂದು ಹಾಡಹಗಲಲ್ಲಿ ಸುಟ್ಟಿದೆ. ಸುಟ್ಟವರು ಯಾರು ಎಂದು ಕಾನೂನಿನ ಪ್ರಕಾರ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ರೈಲ್ವೆಗೆ ಬೇರೆ ಬೋಗಿಗಳು ಸಿಕ್ಕವು. ಬೋಗಿಗೊಬ್ಬರಂತೆ ಸಮೋಸ, ಕಡಲೆ ಮಾರುವವರೂ ಇರುತ್ತಾರೆ ಈ ರೈಲಿನಲ್ಲಿ. ಅವರ ಬುಟ್ಟಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನನಗೆ ಹೀಗೆ ಯೋಚಿಸುವುದು ರೂಢಿ, ಕಸುಬಿನ ದೋಷ.

ಅನ್ನವರಂ, ಸಾಮರ್ಲಕೋಟ, ರಾಜಮಹೇಂದ್ರಿಯ ಗೋದಾವರಿ ಸೇತುವೆ. ಸೇತುವೆ ಬಂದಾಗ ಇಡೀ ಬೋಗಿ ಎದ್ದು ನಾಣ್ಯ ಎಸೆಯುತ್ತದೆ, ನಾನೂ ಎಸೆಯುತ್ತೇನೆ. ಏಲೂರು ಬಂದಾಗ ಮಾತ್ರ ನನಗೆ ಒಳಗೊಳಗೇ ಹೆಮ್ಮೆ. ಹತ್ತಿರದ ಪೆದವೇಗಿಯೇ ಹಳೆಯ ವೇಂಗಿ, ನಮ್ಮ ಪಂಪನ ಪೂರ್ವಿಕರು ವೇಂಗಿ ಮಂಡಲದವರು. ಪಕ್ಕದ ಸೀಟಿನವರಿಗೆ ಇದನ್ನು ಹೇಳಿದರೆ "ಹಾಗಾದರೆ ಪಂಪ ನಮ್ಮವನೇ" ಅನ್ನುತ್ತಾರೆ. ಜಗಳ ಮಾಡುವುದಿಲ್ಲ.

ವಿಜಯವಾಡ ಬೇರೆ ಜಾತಿಯ ಊರು. ವಿಶಾಖಪಟ್ಟಣಕ್ಕೆ ಸಮುದ್ರದ ಗಾಳಿ ಇದೆ, ಇಲ್ಲಿ ಕೃಷ್ಣೆ ಇದ್ದರೂ ಸೆಕೆ. ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗಮ್ಮ, ಕೆಳಗೆ ಪ್ರಕಾಶಂ ಬ್ಯಾರೇಜ್, ಒನ್‌ಟೌನ್‌ನಲ್ಲಿ ಸಗಟು ವ್ಯಾಪಾರ, ಬೆಸೆಂಟ್ ರಸ್ತೆಯಲ್ಲಿ ಚಿಲ್ಲರೆ, ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಸುತ್ತಿಗೆಯ ಸದ್ದು. ಇಲ್ಲಿ ಹಳಬರು "ಗೊಡವಲು" ಅಂದರೆ, ಯಾವ ಗಲಾಟೆ ಎಂದು ಕೇಳಬೇಕಿಲ್ಲ. 1988ರ ಡಿಸೆಂಬರ್.

ಅದರ ಬೇರು ಹಿಂದಿನದು. ಕಾರ್ಮಿಕ ಸಂಘಗಳ, ಕಾಲೇಜು ಚುನಾವಣೆಗಳ ಹಿಡಿತಕ್ಕಾಗಿ 70ರ ದಶಕದಿಂದ ವಂಗವೀಟಿ ಮತ್ತು ದೇವಿನೇನಿ ಕುಟುಂಬಗಳ ಬಣಗಳ ನಡುವೆ ಕೊಲೆಗಳಾಗಿದ್ದವು. ವಂಗವೀಟಿ ರಾಧಾಕೃಷ್ಣ 1974ರಲ್ಲಿ, ದೇವಿನೇನಿ ಗಾಂಧಿ 1979ರಲ್ಲಿ, ದೇವಿನೇನಿ ಮುರಳಿ 1988ರಲ್ಲಿ ಕೊಲೆಯಾದರು. ರಾಧಾರ ತಮ್ಮ ವಂಗವೀಟಿ ಮೋಹನ ರಂಗಾ 1985ರಲ್ಲಿ ಕಾಂಗ್ರೆಸ್ ಶಾಸಕರಾದರು. ಎನ್.ಟಿ. ರಾಮರಾವ್ ಸರ್ಕಾರದ ವಿರುದ್ಧ ವಿಜಯವಾಡದ ರಸ್ತೆಯಲ್ಲಿ ಉಪವಾಸ ಕುಳಿತಿದ್ದಾಗ, 1988ರ ಡಿಸೆಂಬರ್ 26ರ ನಸುಕಿನಲ್ಲಿ, ಅವರನ್ನು ಶಿಬಿರದಲ್ಲೇ ಕಡಿದು ಕೊಂದರು. ಕೊಂದವರು ಅಯ್ಯಪ್ಪ ಮಾಲೆಧಾರಿಗಳ ವೇಷದಲ್ಲಿ ಬಂದಿದ್ದರೆಂದು ಊರು ಹೇಳುತ್ತದೆ. ಮುಂದಿನ ದಿನಗಳಲ್ಲಿ ವಿಜಯವಾಡ ಮತ್ತು ಸುತ್ತಲ ಕರಾವಳಿ ಜಿಲ್ಲೆಗಳು ಹೊತ್ತಿ ಉರಿದವು. 40ಕ್ಕೂ ಹೆಚ್ಚು ಜನ ಸತ್ತರು. ರಾಜಕೀಯ ಕೊಲೆ ಜಾತಿಯ ಗಲಭೆಯಾಯಿತು. ಚಿತ್ರಮಂದಿರ, ಹೋಟೆಲು, ಅಂಗಡಿಗಳನ್ನು ಮಾಲೀಕರ ಜಾತಿ ನೋಡಿ ಸುಟ್ಟರು. ಕರ್ಫ್ಯೂ ವಾರಗಟ್ಟಲೆ ನಡೆಯಿತು. ಗೃಹ ಸಚಿವ ಕೋಡೆಲ ಶಿವಪ್ರಸಾದ ರಾವ್ ರಾಜೀನಾಮೆ ಕೊಟ್ಟರು. 1989ರ ಚುನಾವಣೆಯಲ್ಲಿ ಎನ್‌ಟಿಆರ್ ಸೋತರು, ರಂಗಾರ ಪತ್ನಿ ರತ್ನಕುಮಾರಿ ಶಾಸಕಿಯಾದರು. ಕೊಲೆ ಪ್ರಕರಣದ ಆರೋಪಿಗಳು ಕೊನೆಗೆ ಖುಲಾಸೆಯಾದರು. ಇದೇ ಊರಿನಲ್ಲಿ ಇಂಜಿನಿಯರಿಂಗ್ ಓದಿದ ರಾಮಗೋಪಾಲ ವರ್ಮಾ ತೆಗೆದ "ಶಿವ" ಅದೇ 1989ರಲ್ಲಿ ಬಂತು. ಸೈಕಲ್ ಚೈನು ದೇಶಕ್ಕೆಲ್ಲ ಗೊತ್ತಾಯಿತು.

ಸಿನಿಮಾದಲ್ಲಿ ಬಾರದವರು ಭಟ್ರು. ಬ್ರಹ್ಮಾವರದ ಕಡೆಯವರು. ಇಲ್ಲಿ ಅವರದೊಂದು ಸಣ್ಣ ಹೋಟೆಲು, ಆರು ಟೇಬಲ್. 1988ರಲ್ಲಿ ಅವರಿಗೆ 24 ವರ್ಷ, ಸೋದರಮಾವನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ನಾನು ಹೋದಾಗಲೆಲ್ಲ ಮೊದಲು ಕಾಫಿ ಕೊಟ್ಟು, ಹೈದರಾಬಾದಿನಲ್ಲಿ ಮಳೆ ಹೇಗೆ ಎಂದು ಕೇಳಿ, ಆಮೇಲೆ ಮಾತಿಗೆ ಕೂರುತ್ತಾರೆ.

"ನಮ್ಮನ್ನು ಯಾರೂ ಮುಟ್ಟಲಿಕ್ಕಿಲ್ಲ ಅಂತ ಮಾವನಿಗೆ ಧೈರ್ಯ ಇತ್ತು ಮಾರಾಯ್ರೆ. ನಾವು ಆ ಜಾತಿಯೂ ಅಲ್ಲ, ಈ ಜಾತಿಯೂ ಅಲ್ಲ, ಕನ್ನಡದವರು. ಆದ್ರೆ ಕಟ್ಟಡ ಯಾರದ್ದು? ಅದು ನಮ್ಮ ತಲೆಗೆ ಬರಲೇ ಇಲ್ಲ ನೋಡಿ."

ಕಟ್ಟಡದ ಮಾಲೀಕ ಗುಂಪು ಹುಡುಕುತ್ತಿದ್ದ ಜಾತಿಯವರು. ಪಕ್ಕದ ಮಿಠಾಯಿ ಅಂಗಡಿಗೆ ಹಚ್ಚಿದ ಬೆಂಕಿ ಹಿಂದಿನ ಸೌದೆ ಕೋಣೆಗೆ ಬಂದು, ಅಡುಗೆಮನೆ ಹಿಡಿಯಿತು. ಮಾವ, ಅಳಿಯ, ನಾಲ್ಕು ಮಾಣಿಗಳು ಹಿತ್ತಿಲ ಗೋಡೆ ಹಾರಿದರು. ರಸ್ತೆಯ ತುದಿಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಇದನ್ನು ಹೇಳುವಾಗ ಭಟ್ರ ದನಿ ಏರುವುದಿಲ್ಲ.

"ಜೀಪು ಅಲ್ಲೇ ಇತ್ತು. ಅವರ ಹತ್ರ ನಾಲ್ಕು ಜನ, ಗುಂಪಿನಲ್ಲಿ ನಾನೂರು. ಇಳಿದು ಬಂದ್ರೆ ಅವರೂ ಉಳೀತಿರಲಿಲ್ಲ, ಅದು ನಂಗೆ ಅರ್ಥ ಆಗ್ತದೆ. ಆದ್ರೆ ಎಂಟು ದಿನ ಆದ ಮೇಲೆ ಠಾಣೆಗೆ ಹೋದಾಗ, ಆ ಹೊತ್ತಿಗೆ ಆ ರಸ್ತೆಯಲ್ಲಿ ಜೀಪೇ ಇರಲಿಲ್ಲ ಅಂತ ಹೇಳಿದ್ರು. ಅದು ಅರ್ಥ ಆಗೂದಿಲ್ಲ."

ಇಡೀ ರಸ್ತೆಗೆ ಒಂದೇ ದೂರು ಬರೆದುಕೊಂಡರಂತೆ. ಅದರಲ್ಲಿ ಹೋಟೆಲಿನ ಹೆಸರು ಪಟ್ಟಿಯ ಕೊನೆಗೆ, ಅದೂ ತಪ್ಪಾಗಿ. ಹಚ್ಚಿದವರು "ಅಪರಿಚಿತ ಗುಂಪು". ಅವರಲ್ಲಿ ಇಬ್ಬರು ವಾರಕ್ಕೆ ಮೂರು ದಿನ ಅದೇ ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರು ಎಂದು ಭಟ್ರಿಗೆ ಗೊತ್ತು. ಮಾವ ಹೆಸರು ಹೇಳಬೇಡ ಅಂದರು. ವಿಮೆ ಇರಲಿಲ್ಲ. ಅವರ ಕೈಗೆ ಪರಿಹಾರವೂ ಬರಲಿಲ್ಲ. ಮಾವ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅಳಿಯ ಬಂದರು, ಇನ್ನೊಬ್ಬರ ಹೋಟೆಲಿನಲ್ಲಿ ಒಂಬತ್ತು ವರ್ಷ ಸಪ್ಲೈಯರ್ ಆಗಿದ್ದು, ಆಮೇಲೆ ಈ ಆರು ಟೇಬಲ್.

ಅವರು ಮತ್ತೆ ಬಂದದ್ದೇಕೆ ಎಂದು ಕೇಳಿದ್ದೆ. "ಉದ್ರಿ ವಸೂಲಿಗೆ ಬಂದದ್ದು," ಅಂದು ನಕ್ಕರು. ಅರ್ಧ ನಿಜ. ಸುಟ್ಟ ಹೋಟೆಲಿನ ಬಾಕಿ ಪುಸ್ತಕವೂ ಸುಟ್ಟಿತ್ತು. ಆದರೂ ಕರ್ಫ್ಯೂ ಸಡಿಲಿಸಿದ ಮೇಲೆ ಬೀದಿಯಲ್ಲಿ ಸಿಕ್ಕ ಹಳೆಯ ಗಿರಾಕಿಗಳು ತಾವಾಗಿ ಜೇಬಿಗೆ ಕೈಹಾಕಿ ಕೊಟ್ಟರಂತೆ, ಇಷ್ಟು ಕೊಡಬೇಕಿತ್ತು ಎಂದು. ಉಪ್ಪಿಟ್ಟಿನ ಇಬ್ಬರಲ್ಲಿ ಒಬ್ಬನೂ ಕೊಟ್ಟ. ಭಟ್ರು ತೆಗೆದುಕೊಂಡರು.

ಬೆಂಗಳೂರಿನ ಓದುಗರು ಇದು ಆಂಧ್ರದ ಜಾತಿ ರಾಜಕೀಯ ಎಂದು ಪುಟ ಮುಚ್ಚಬಾರದು. 2016ರ ಸೆಪ್ಟೆಂಬರ್ 12ರಂದು ಕಾವೇರಿ ಆದೇಶದ ಸಿಟ್ಟಿಗೆ ಒಂದೇ ಡಿಪೋದಲ್ಲಿ ತಮಿಳುನಾಡು ನೋಂದಣಿಯ ಹತ್ತಾರು ಬಸ್ಸುಗಳು ಸುಟ್ಟಾಗ ನಮ್ಮಲ್ಲಿ ನೋಡಿದ್ದೂ ಜಾತಿಯ ಬದಲು ನಂಬರ್ ಪ್ಲೇಟು. 2020ರ ಆಗಸ್ಟ್ 11ರ ರಾತ್ರಿ ಡಿಜೆ ಹಳ್ಳಿ, ಕೆಜಿ ಹಳ್ಳಿಯಲ್ಲಿ ಪೊಲೀಸ್ ಠಾಣೆಯೇ ಉರಿಯಿತು, ಗೋಲಿಬಾರಿನಲ್ಲಿ ಮೂವರು ಸತ್ತರು. ಆಗ ಕರ್ನಾಟಕ ಹೈಕೋರ್ಟ್ ಒಂದು ಕೆಲಸ ಮಾಡಿತು: ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ನಷ್ಟ ಅಂದಾಜಿಗೆ ಕ್ಲೇಮ್ಸ್ ಕಮಿಷನರ್ ಆಗಿ ನೇಮಿಸಿತು. ಆ ಅಧಿಕಾರ ಬಂದದ್ದು 2009ರ ಏಪ್ರಿಲ್ 16ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಷ್ಟವನ್ನು ಗಲಭೆ ಮಾಡಿದವರಿಂದ, ಕರೆ ಕೊಟ್ಟವರಿಂದ ವಸೂಲು ಮಾಡಬೇಕು, ಅದನ್ನು ಅಳೆಯಲು ನ್ಯಾಯಾಧೀಶರೊಬ್ಬರು ಇರಬೇಕು ಎಂದಿತು ಅದು. ರಾಜಸ್ಥಾನದ ಗುಜ್ಜರ್ ಚಳವಳಿಯ ಹೊತ್ತಿನಲ್ಲಿ ಕೋರ್ಟ್ ತಾನಾಗಿ ಎತ್ತಿಕೊಂಡ ಪ್ರಕರಣವಾದರೂ, ಎದುರು ಕಕ್ಷಿಯ ಜಾಗದಲ್ಲಿ ಮೊದಲು ಇರುವ ಹೆಸರು ಆಂಧ್ರಪ್ರದೇಶ ಸರ್ಕಾರದ್ದು. ಭಟ್ರಿಗೆ ಇದನ್ನು ಹೇಳಿದೆ. "20 ವರ್ಷ ತಡ ಆಯ್ತಲ್ಲ," ಅಂದರು.

ಈಗ ಅವರ ಹೋಟೆಲಿಗೆ ವಿಮೆ ಇದೆ. ಐದು ಕೋಟಿಯೊಳಗಿನ ಆಸ್ತಿಯ ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್‌ನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ. ನಾನೇ ಒತ್ತಾಯಿಸಿದ್ದು. ಸರಕಿನ ಮೌಲ್ಯವನ್ನು 15 ಶೇಕಡದೊಳಗೆ ಕಡಿಮೆ ತೋರಿಸಿದ್ದರೆ ಅದರಲ್ಲಿ ಮಾಫಿ ಉಂಟು. ಅದಕ್ಕಿಂತ ಹೆಚ್ಚು ಕಡಿಮೆ ತೋರಿಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತ. ತೆರಿಗೆಗೆ ಹೆದರಿ ಅಂಗಡಿಯವರು ಮಾಡುವ ಸಾಮಾನ್ಯ ಎಡವಟ್ಟು ಇದೇ, ಓದುಗರು ತಮ್ಮ ಪಾಲಿಸಿ ತೆಗೆದು ಒಮ್ಮೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಸ್ಟಾಕಿನ ಫೋಟೋ ತೆಗೆದು ಮಗಳಿಗೆ ಕಳಿಸಿಡಿ ಎಂದೂ ಹೇಳಿದ್ದೇನೆ. ಅಂಗಡಿಯ ಮುಂದಿನ ಕ್ಯಾಮೆರಾದ ದೃಶ್ಯ ಅಂಗಡಿಯೊಳಗಿನ ಪೆಟ್ಟಿಗೆಯಲ್ಲೇ ಇದ್ದರೆ ಬೆಂಕಿಗೆ ಅದೂ ಹೋಗುತ್ತದೆ. ಭಟ್ರ ಕ್ಯಾಮೆರಾ ರಸ್ತೆಯ ತುದಿಯವರೆಗೆ ನೋಡುತ್ತದೆ. ಜೀಪು ನಿಲ್ಲುವ ಜಾಗದವರೆಗೆ.

ಕಳೆದ ಸಲ ಹೋದಾಗ ರಾತ್ರಿ ಎಂಟಾಗಿತ್ತು. ಯಾರೋ ಫೋನ್ ಮಾಡಿ, ನಾಳೆ ಬಂದ್ ಆಗಬಹುದು, ಇನ್ನೂ ಖಚಿತ ಇಲ್ಲ ಅಂದರು. ಭಟ್ರು ಇನ್ನಿಬ್ಬರಿಗೆ ಫೋನ್ ಮಾಡಿದರು. ಒಬ್ಬರು ಇದೆ ಅಂದರು, ಒಬ್ಬರು ಮಧ್ಯಾಹ್ನದ ಮೇಲೆ ಇಲ್ಲ ಅಂದರು. ಪರಿಚಯದ ಕಾನ್‌ಸ್ಟೇಬಲ್ ಒಬ್ಬರಿಗೂ ಕೇಳಿದರು. ಬಂದೋಬಸ್ತಿಗೆ ಹಾಕಿದ್ದಾರೆ, ಎಲ್ಲಿಗೆ ಅಂತ ಬೆಳಿಗ್ಗೆ ಹೇಳುತ್ತಾರೆ, ನಿಮ್ಮ ಕಡೆ ಬಂದರೆ ಇಡ್ಲಿ ಇಟ್ಟಿರಿ ಅಂದರು ಅವರು. ಒಳಗಿನಿಂದ ಅಡುಗೆಯವನು ಬಂದು ನಿಂತ. ನಾಳೆಯ ಹಿಟ್ಟು ರುಬ್ಬುವ ಹೊತ್ತು ಅದು, ನೆನೆದ ಅಕ್ಕಿ, ಉದ್ದು ಎರಡೂ ಕೊಳಗದಲ್ಲಿ ಸಿದ್ಧವಾಗಿತ್ತು.

"ಎಷ್ಟು ರುಬ್ಬಲಿ ಭಟ್ರೇ?"

ಭಟ್ರು ನನ್ನನ್ನು ನೋಡಿದರು, ರಸ್ತೆ ನೋಡಿದರು. "ಅರ್ಧ ರುಬ್ಬು," ಅಂದರು. ಅವನು ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಕೂಗಿದರು, "ಬಂದೋಬಸ್ತಿನವರು ಬಂದ್ರೆ ಬೇಕಲ್ಲ ಮಾರಾಯ, ಮುಕ್ಕಾಲು ಮಾಡು."